ಹಳೇ ಕಾರಿನ ಎನಾಮಲ್ ಬ್ಯಾಡ್ಜ್: ಪಾಲಿಶ್‌ಗೆ ಕೊಡೋ ಮುಂಚೆ ಇದನ್ನ ಓದಿ

ಗೊರೇಬಾಳ (ಸಿಂಧನೂರು ತಾ.): ಹಳೇ ಕಾರು ರಿಪೇರಿಗೆ ಇಳಿಸಿದಾಗ ಎಂಜಿನ್, ಟೈರು, ಪೇಂಟಿಂಗ್ ಎಲ್ಲಕ್ಕೂ ಲೆಕ್ಕ ಹಾಕ್ತೀವಿ. ಬಾನೆಟ್ ಮೂತಿಯ ಮೇಲಿರೋ ಅಂಗೈಗಿಂತ ಸಣ್ಣ ಬ್ಯಾಡ್ಜ್ ಮಾತ್ರ ಯಾರ ಲೆಕ್ಕಕ್ಕೂ ಬರಲ್ಲ. ಬಂಪರ್, ಡೋರ್ ಹ್ಯಾಂಡಲ್ ಜೊತೆ ಒಂದೇ ಚೀಲದಲ್ಲಿ ಕ್ರೋಮ್ ಪ್ಲೇಟಿಂಗ್ ಅಂಗಡಿಗೆ ಹೋಗ್ತದೆ. ಅಲ್ಲಿ ಹಳೇ ಕ್ರೋಮ್ ತೆಗೆಯೋಕೆ ಆಸಿಡ್, ಆಮೇಲೆ ಬಫಿಂಗ್ ಚಕ್ರ. ವಾಪಸ್ ಬರೋದು ಫಳಫಳ ಹೊಳೆಯೋ ಲೋಹ, ಆದರೆ ಬಣ್ಣ ಇರಲ್ಲ. ಆ ಬಣ್ಣ ಗಾಜಿನದಾಗಿದ್ದರೆ ಅದನ್ನ ಮತ್ತೆ ತರೋದು ತಾಲೂಕಿನ ಯಾವ ಶೆಡ್‌ನಿಂದಲೂ ಆಗುವ ಕೆಲಸ ಅಲ್ಲ.

ಮೊದಲು ಹೆಸರಿನ ಗೊಂದಲ ಬಿಡಿಸಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಲೀಟರ್ ಲೆಕ್ಕದಲ್ಲಿ ಸಿಗೋ ಎನಾಮಲ್ ಪೇಂಟ್‌ಗೂ ಇದಕ್ಕೂ ಸಂಬಂಧ ಇಲ್ಲ. ಅದು ಎಣ್ಣೆ ಬಣ್ಣ. ನಿಜವಾದ ಎನಾಮಲ್ ಅಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು. ಅಜ್ಜನ ಕಾಲದ ಬಿಳಿ ಎನಾಮಲ್ ತಟ್ಟೆ, ಹಳೇ ರೈಲ್ವೆ ಸ್ಟೇಷನ್ನಿನ ಹೊಳೆಯೋ ಬೋರ್ಡು, ಪತ್ತಾರರು ಹೇಳೋ ಮೀನಾ ಕೆಲಸ ಎಲ್ಲವೂ ಇದೇ ಜಾತಿ. ಬ್ಯಾಡ್ಜ್ ಮಾಡುವಾಗ ತಾಮ್ರದ ತಗಡಿಗೆ, ಅಥವಾ ಸತು ಕಡಿಮೆ ಇರೋ ಹಿತ್ತಾಳೆಗೆ, ಅಚ್ಚು ಒತ್ತಿ ಅಕ್ಷರ, ಚಿತ್ರದ ಗೆರೆಗಳನ್ನ ಎತ್ತರಿಸ್ತಾರೆ. ನಡುವಿನ ತಗ್ಗುಗಳಿಗೆ ಬಣ್ಣದ ಗಾಜಿನ ಪುಡಿಯನ್ನ ನೀರಲ್ಲಿ ಕಲಸಿ ತುಂಬಿ, ಒಣಗಿಸಿ, ಸುಮಾರು 800 ಡಿಗ್ರಿ ಸೆಲ್ಸಿಯಸ್ ಭಟ್ಟಿಗೆ ಕೆಲವು ನಿಮಿಷ ಇಡ್ತಾರೆ. ಪುಡಿ ಕರಗಿ ಇಳಿಯುತ್ತೆ, ಮತ್ತೆ ತುಂಬಿ ಮತ್ತೆ ಸುಡಬೇಕು. ಕೊನೆಗೆ ಕಲ್ಲಿನಿಂದ ಸಮ ಮಾಡಿ, ಕಾಣೋ ಲೋಹದ ಗೆರೆಗಳಿಗೆ ಕ್ರೋಮ್ ಅಥವಾ ನಿಕಲ್ ಕೊಡ್ತಾರೆ. ಎಪ್ಪತ್ತು, ಎಂಬತ್ತು ವರ್ಷ ಬಿಸಿಲಲ್ಲಿ ನಿಂತರೂ ಬಣ್ಣ ಮಾಸದಿರೋದು ಅದಕ್ಕೇ.

ಎಲ್ಲ ಹಳೇ ಬ್ಯಾಡ್ಜೂ ಹೀಗಲ್ಲ. 1930ರ ದಶಕದ ಮಾರಿಸ್, ಆಸ್ಟಿನ್‌ನಂಥ ಇಂಗ್ಲಿಷ್ ಕಾರುಗಳಲ್ಲಿ ಗಾಜಿನ ಕೆಲಸ ಸಾಮಾನ್ಯ. ಬಂಪರ್ ಮೇಲೆ ಹಾಕುತ್ತಿದ್ದ ಮೋಟಾರು ಸಂಘಗಳ ಬ್ಯಾಡ್ಜ್‌ಗಳೂ ಅಷ್ಟೇ. ಮದ್ರಾಸಿನ ಆಟೊಮೊಬೈಲ್ ಅಸೋಸಿಯೇಷನ್ ಆಫ್ ಸದರ್ನ್ ಇಂಡಿಯಾ, ಬೊಂಬಾಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಹೆಸರಿನವು ಹಳೇ ಸಾಮಾನಿನ ಅಂಗಡಿಯಲ್ಲಿ ಈಗಲೂ ಕಣ್ಣಿಗೆ ಬೀಳ್ತವೆ. ನಮ್ಮ ಕಡೆ ಹೆಚ್ಚು ಕಾಣೋದು ಅಂಬಾಸಿಡರ್, ಫಿಯಟ್. ಅವುಗಳ ಇತ್ತೀಚಿನ ಮಾಡೆಲ್‌ಗಳಲ್ಲಿ ಹೆಚ್ಚಿನವು ಪೇಂಟ್ ತುಂಬಿದ ಎರಕದ ಲೋಹ ಇಲ್ಲವೇ ಕ್ರೋಮ್ ಬಣ್ಣದ ಪ್ಲಾಸ್ಟಿಕ್. ಟ್ರ್ಯಾಕ್ಟರ್ ಬ್ಯಾಡ್ಜ್‌ಗಳದ್ದೂ ಬಹುಪಾಲು ಅದೇ ಕಥೆ. ಅಂಥವಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ, ಒಳ್ಳೆ ಪೇಂಟರ್ ಸಣ್ಣ ಬ್ರಷ್ ಹಿಡಿದರೆ ಸಾಕು.

ಹಾಗಾದರೆ ಗಾಜೋ ಪೇಂಟೋ ಅಂತ ಗೊತ್ತಾಗೋದು ಹೇಗೆ? ಅಂಚಿನಲ್ಲಿ, ಕಾಣದ ಕಡೆ ಸೂಜಿ ಮೊನೆ ಮೆಲ್ಲಗೆ ಒತ್ತಿ. ಗಾಜಾದರೆ ಜಾರುತ್ತೆ, ಪೇಂಟ್ ಅಥವಾ ಪ್ಲಾಸ್ಟಿಕ್ ಆದರೆ ಮೊನೆ ಕಚ್ಚುತ್ತೆ. ಒಡೆದ ಜಾಗ ನೋಡಿ: ಗಾಜು ಬಳೆ ಚೂರಿನಂತೆ ಚೂಪಾಗಿ ಒಡೆಯುತ್ತೆ, ಪೇಂಟ್ ಹಕ್ಕಳೆಯಾಗಿ ಏಳುತ್ತೆ. ಬ್ಯಾಡ್ಜ್ ತಿರುಗಿಸಿ ಹಿಂಬದಿ ಸ್ವಲ್ಪ ಕೆರೆದರೆ ಇನ್ನೊಂದು ಸುಳಿವು. ಕೆಂಪು ಅಥವಾ ಹಳದಿ ಲೋಹ ಕಂಡರೆ ಗಾಜಿರುವ ಸಾಧ್ಯತೆ ಹೆಚ್ಚು. ಬೂದು ಬಣ್ಣವಾದರೆ ಅದು ಸತುವಿನ ಎರಕ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡೋರಿದ್ದಾರೆ, ಅದರಿಂದ ಉಪಯೋಗ ಕಡಿಮೆ. ತಾಮ್ರಕ್ಕೂ ಅಂಟಲ್ಲ, ಸತುವಿಗೂ ಅಂಟಲ್ಲ.

ಈ ಬೂದು ಲೋಹದ ವಿಷಯ ಗಟ್ಟಿಯಾಗಿ ನೆನಪಿಡಿ. ಸತು ಕರಗೋದು ಸುಮಾರು 420 ಡಿಗ್ರಿಗೆ. ನಮ್ಮ ಬೀದರ್‌ನ ಬಿದ್ರಿ ಸಾಮಾನಿನ ಲೋಹವೂ ಮುಖ್ಯವಾಗಿ ಸತುವೇ, ಅದಕ್ಕೇ ಅಲ್ಲಿ ಬೆಳ್ಳಿಯನ್ನ ಬಡಿದು ಕೂರಿಸ್ತಾರೆ, ಸುಡೋ ಮಾತಿಲ್ಲ. ಸತುವಿನ ಬ್ಯಾಡ್ಜ್ ಎನಾಮಲ್ ಭಟ್ಟಿಗೆ ಹೋದರೆ ಉಂಡೆಯಾಗಿ ಹೊರಗೆ ಬರ್ತದೆ.

ತಾಮ್ರದ್ದೇ ಆದರೂ, ಒಡೆದ ಜಾಗಕ್ಕಷ್ಟೇ ಗಾಜಿನ ಪುಡಿ ಹಾಕಿ ಸುಡೋಣ ಅನ್ನೋದು ಆಗದ ಮಾತು. ಭಟ್ಟಿಗೆ ಹೋಗೋದು ಇಡೀ ಬ್ಯಾಡ್ಜ್. ಹಳೇ ಬಿರುಕುಗಳಲ್ಲಿ ಸೇರಿದ ಎಣ್ಣೆ, ಪಾಲಿಶ್ ಸುಟ್ಟು ಕಪ್ಪು ಚುಕ್ಕೆ, ಗುಳ್ಳೆ ಏಳ್ತವೆ. ಕ್ರೋಮ್ ಹಾಳಾಗುತ್ತೆ. ಹಿಂದಿನ ಬೋಲ್ಟನ್ನ ಸೀಸದ ಬೆಸುಗೆಯಲ್ಲಿ ಕೂರಿಸಿದ್ದರೆ ಅದು 200 ಡಿಗ್ರಿಗೂ ಮುಂಚೆಯೇ ಕಳಚುತ್ತೆ. ಪೂರ್ತಿ ಹಳೇ ಗಾಜು ತೆಗೆದು ಹೊಸದಾಗಿ ತುಂಬಿ ಸುಟ್ಟು, ಆಮೇಲೆ ಪ್ಲೇಟಿಂಗ್ ಮಾಡಬೇಕು. ಮೀನಾ ಕೆಲಸಕ್ಕೆ ಹೆಸರಾದ ಜೈಪುರ, ಕಾಶಿಯ ಕುಶಲಿಗರಂಥವರ ಕೈಗೆ ಹೋಗಬೇಕಾದ ಕೆಲಸ ಇದು. ಮೊರಾದಾಬಾದ್‌ನ ಬಣ್ಣದ ಹಿತ್ತಾಳೆ ನೋಡಿ ಮೋಸ ಹೋಗಬೇಡಿ, ಅದರಲ್ಲಿ ಹೆಚ್ಚಿನದು ಅರಗು, ಗಾಜಲ್ಲ.

ಸಣ್ಣ ಚೂರು ಹಾರಿದ್ದರೆ ಇಲ್ಲೇ ಮಾಡಬಹುದಾದ ದಾರಿ ಒಂದಿದೆ: ಬಣ್ಣ ಬೆರೆಸಿದ ಎಪಾಕ್ಸಿ, ಅಂದರೆ ಎರಡು ಟ್ಯೂಬಿನ ಪಾರದರ್ಶಕ ಅರಾಲ್ಡೈಟ್‌ನಂಥದ್ದು. ಎಂ-ಸೀಲ್ ಬೇಡ, ಅದು ನಲ್ಲಿ ಪೈಪಿಗೆ ಸರಿ. ಒಡೆದ ಜಾಗವನ್ನ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಸಡಿಲ ಚೂರುಗಳನ್ನ ಸೂಜಿಯಿಂದ ತೆಗೆಯಿರಿ. ಗಟ್ಟಿ ಕೂತಿರೋದನ್ನ ಎಬ್ಬಿಸಬೇಡಿ. ಟ್ಯೂಬಿನ ಮೇಲೆ ಬರೆದ ಪ್ರಮಾಣದಲ್ಲೇ ಎರಡನ್ನೂ ಕಲಸಿ, ಒಣ ಬಣ್ಣದ ಪುಡಿ ಚಿಟಿಕೆಯಷ್ಟು ಸೇರಿಸಿ. ಬಣ್ಣ ಹೆಚ್ಚಾದರೆ ಗಟ್ಟಿಯಾಗಲ್ಲ. ಹೋಳಿ ಬಣ್ಣ ಹಾಕಿದರೆ ಬಿಸಿಲಿಗೆ ಮಾಸುತ್ತೆ. ಬಣ್ಣ ಹೊಂದಿಸೋದನ್ನ ಹಗಲು ಬೆಳಕಲ್ಲೇ ಮಾಡಿ, ಟ್ಯೂಬ್‌ಲೈಟ್ ಕೆಳಗೆ ಕೆಂಪು ಒಂದು, ಬಿಸಿಲಲ್ಲಿ ಇನ್ನೊಂದು ಕಾಣ್ತದೆ. ಬ್ಯಾಡ್ಜನ್ನ ಸ್ವಲ್ಪ ಹೊತ್ತು ಬಿಸಿಲಿಗಿಟ್ಟು ಬೆಚ್ಚಗಾದ ಮೇಲೆ ಹಲ್ಲುಕಡ್ಡಿ ತುದಿಯಿಂದ ತುಂಬಿದರೆ ಎಪಾಕ್ಸಿ ತೆಳುವಾಗಿ ಹರಿದು ಗುಳ್ಳೆ ಕಡಿಮೆಯಾಗ್ತದೆ. ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಉಬ್ಬಿರಲಿ.

ಒಂದು ದಿನ ಮುಟ್ಟಬೇಡಿ, ಎರಡು ದಿನ ಬಿಟ್ಟರೆ ಇನ್ನೂ ಒಳ್ಳೇದು. ಆಮೇಲೆ ಸುತ್ತ ಟೇಪ್ ಅಂಟಿಸಿ, 1500ರ ವಾಟರ್ ಪೇಪರ್, ನಂತರ 2000ದ್ದು, ನೀರು ಹಚ್ಚಿಕೊಂಡೇ ತೀಡಿ. ಟೇಪ್ ಯಾಕಂದ್ರೆ ವಾಟರ್ ಪೇಪರ್ ಗಾಜಿಗೂ ಗೀರು ಹಾಕುತ್ತೆ. ನೀರು ಯಾಕಂದ್ರೆ ಹಳೇ ಎನಾಮಲ್‌ನಲ್ಲಿ ಸೀಸ ಇರ್ತದೆ, ಒಣಗಿದ್ದನ್ನ ತೀಡಿದರೆ ಆ ಧೂಳು ಮೂಗಿಗೆ ಹೋಗುತ್ತೆ. ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನ ದೂರ ಇಡಿ. ಈ ತೇಪೆ ಗಾಜಿನಷ್ಟು ಬಾಳಲ್ಲ. ಎಪಾಕ್ಸಿ ಬಿಸಿಲಿಗೆ ಹಳದಿಯಾಗುತ್ತೆ, ಬಿಳಿ ಮತ್ತು ತಿಳಿ ನೀಲಿಯಲ್ಲಿ ಬೇಗ ಗೊತ್ತಾಗುತ್ತೆ. ಕಾರನ್ನ ನೆರಳಲ್ಲಿ ನಿಲ್ಲಿಸೋದೇ ಮದ್ದು. ಆದರೆ ಇದರ ದೊಡ್ಡ ಗುಣ ಬೇರೆ: ಬೇಡ ಅಂದಾಗ ಕಿತ್ತು ಮತ್ತೆ ಮಾಡಬಹುದು, ಮೂಲ ಗಾಜಿಗೆ ಏನೂ ಆಗಿರಲ್ಲ.

ತೊಳೆಯೋದರಲ್ಲೂ ನಮ್ಮ ಮನೆ ರೂಢಿ ಅಡ್ಡ ಬರ್ತದೆ. ಹಿತ್ತಾಳೆ ಕಂಡ ಕೂಡಲೇ ಹುಣಸೆಹುಳಿ, ನಿಂಬೆಹಣ್ಣು ಹಚ್ಚೋ ಕೈ ನಮ್ಮದು. ಹುಳಿ ಹಳೇ ಎನಾಮಲ್ ಮೇಲ್ಮೈಯ ಹೊಳಪು ತಿನ್ನುತ್ತೆ. ಸಾಬೂನು ನೀರು, ಮೆತ್ತನೆ ಬ್ರಷ್ ಸಾಕು. ಬೋರ್‌ವೆಲ್ ನೀರಲ್ಲಿ ತೊಳೆದರೆ ಕೂಡಲೇ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಬಿಳಿ ಕಲೆ ಕೂರುತ್ತೆ.

ಬದಲಿ ಕೊಳ್ಳೋದಾದರೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮುಂಬೈನ ಚೋರ್ ಬಜಾರ್ ಹಳಬರಿಗೆ ಗೊತ್ತಿರೋ ಜಾಗಗಳು. ಒರಿಜಿನಲ್ ಅಂತ ಹೇಳಿ ಕೊಡೋದರಲ್ಲಿ ಬಣ್ಣ ತುಂಬಿ ಮೇಲೆ ಪ್ಲಾಸ್ಟಿಕ್ ಲೇಪ ಹಾಕಿದ ಹೊಸ ನಕಲೂ ಇರ್ತದೆ. ದುಡ್ಡು ಕೊಡೋ ಮುಂಚೆ ಅದೇ ಸೂಜಿ ಪರೀಕ್ಷೆ ಮಾಡಿ. ಇಲ್ಲಿನ ಅಂಗಡಿಯವರಿಗೂ ಒಂದು ಮಾತು. ನಕಲನ್ನ ನಕಲು ಅಂತಲೇ ಹೇಳಿ ಮಾರಿ, ಕಂಪನಿ ಲೋಗೋ ಅಚ್ಚು ಹಾಕಿಸಿ ಮಾರೋ ಯೋಚನೆ ಇದ್ದರೆ 1999ರ ಟ್ರೇಡ್ ಮಾರ್ಕ್ ಕಾಯ್ದೆ ಇದೆ. 2014ರಲ್ಲಿ ಉತ್ಪಾದನೆ ನಿಂತ ಅಂಬಾಸಿಡರ್‌ನ ಬರೀ ಹೆಸರನ್ನ 2017ರಲ್ಲಿ ಫ್ರಾನ್ಸಿನ ಪಿಜೋ ಕಂಪನಿಗೆ 80 ಕೋಟಿ ರೂಪಾಯಿಗೆ ಮಾರಲಾಯಿತು. ಹೆಸರಿಗೆ ಅಷ್ಟು ಬೆಲೆ ಇದೆ.

50 ವರ್ಷ ದಾಟಿದ ಗಾಡಿ ಇದ್ದವರು 2021ರ ಜುಲೈನಲ್ಲಿ ಬಂದ ವಿಂಟೇಜ್ ವಾಹನ ನಿಯಮ ನೋಡಿರಬಹುದು. ಹೊಸ ನೋಂದಣಿಗೆ 20,000 ರೂ., ಮರುನೋಂದಣಿಗೆ 5,000 ರೂ., ನಂಬರಿನಲ್ಲಿ ವಿಎ ಅಕ್ಷರ ಬರ್ತದೆ, ದಿನಬಳಕೆಗೆ ಓಡಿಸುವಂತಿಲ್ಲ. ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು ಅನ್ನೋದು ಷರತ್ತು. ಬ್ಯಾಡ್ಜ್ ಆ ಪಟ್ಟಿಯಲ್ಲಿಲ್ಲ, ಆದರೆ ಮಾರೋಕೆ ಹೋದಾಗ ಕೊಳ್ಳೋರ ಕಣ್ಣು ಮೊದಲು ಹೋಗೋದು ಅಲ್ಲಿಗೇ. ಹೊಸದು ಹಾಕಿದರೂ ಒಡೆದ ಹಳೇದನ್ನ ಬಟ್ಟೆಯಲ್ಲಿ ಸುತ್ತಿ ಆರ್‌ಸಿ ಜೊತೆ ಇಟ್ಟುಕೊಳ್ಳಿ.

ವಾಪಸ್ ಕೂರಿಸುವಾಗ ಹಿಂದೆ ತೆಳು ರಬ್ಬರ್ ವಾಷರ್ ಕೊಡಿ. ನಟ್ಟನ್ನ ಕೈಬೆರಳಿಂದ ತಿರುಗಿಸಿ, ಸ್ಪ್ಯಾನರ್‌ನಲ್ಲಿ ಕಾಲು ಸುತ್ತು, ಅಷ್ಟೇ. ಜಾಸ್ತಿ ಬಿಗಿದರೆ ತಗಡು ಬಾಗುತ್ತೆ, ಗಾಜು ಬಾಗಲ್ಲ, ಸೀಳುತ್ತೆ.