ಹೊರಗೋಡೆಯ ಗಿಲಾವು

ಹೊರಗೋಡೆಯ ಗಿಲಾವು ಎಂದರೆ ಇಟ್ಟಿಗೆ, ಕಲ್ಲು, ಮಣ್ಣು ಅಥವಾ ಕಾಂಕ್ರೀಟಿನಿಂದ ಕಟ್ಟಿದ ಗೋಡೆಯ ಹೊರಮೈಗೆ ಬಳಿಯುವ ಗಾರೆಯ ಲೇಪ. ಆಡುಮಾತಿನಲ್ಲಿ ಇದನ್ನು ಪ್ಲಾಸ್ಟರಿಂಗ್ ಎನ್ನುತ್ತಾರೆ. ಮಳೆನೀರು ಗೋಡೆಯೊಳಗೆ ಇಳಿಯದಂತೆ ತಡೆಯುವುದು, ಒಳಸೇರಿದ ತೇವ ಆರಿಹೋಗಲು ಎಡೆಮಾಡಿಕೊಡುವುದು ಹಾಗೂ ಕಟ್ಟಡಕ್ಕೆ ಅಂದ ನೀಡುವುದು ಇದರ ಮುಖ್ಯ ಉದ್ದೇಶಗಳು. ಭಾರತದಲ್ಲಿ ಈ ಕೆಲಸದ ಕ್ರಮವನ್ನು ೧೯೬೩ರ ಐಎಸ್ ೨೪೦೨ ಎಂಬ ಮಾನಕವು ವಿವರಿಸುತ್ತದೆ.

ಬಂಧಕ ವಸ್ತುಗಳು

ಗಾರೆಯ ಕಣಗಳನ್ನು ಹಿಡಿದಿಡುವ ವಸ್ತುವನ್ನು ಅನುಸರಿಸಿ ಗಿಲಾವನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಮಣ್ಣಿನ ಗಿಲಾವು: ಜೇಡಿಮಣ್ಣಿಗೆ ಹುಲ್ಲು ಅಥವಾ ಹೊಟ್ಟನ್ನು ಬೆರೆಸಿ, ತುಳಿದು ಹದಮಾಡಿ ಬಳಿಯುತ್ತಾರೆ. ಹುಲ್ಲಿನ ಎಳೆಗಳು ಬಿರುಕನ್ನು ತಡೆಯುತ್ತವೆ. ಮಳೆಗೆ ಕರಗುವುದರಿಂದ ಆಗಾಗ ಮರುಲೇಪನ ಅಗತ್ಯ.

ಸುಣ್ಣದ ಗಿಲಾವು: ಅರಳಿಸಿದ ಸುಣ್ಣಕ್ಕೆ ಮರಳು ಅಥವಾ ಇಟ್ಟಿಗೆಪುಡಿಯನ್ನು ಸೇರಿಸಿ ಅರೆಯುತ್ತಾರೆ. ದಕ್ಷಿಣ ಭಾರತದಲ್ಲಿ ಇದಕ್ಕೆ ಬೆಲ್ಲದ ನೀರು, ಅಳಲೆಕಾಯಿಯ ರಸಗಳನ್ನು ಬೆರೆಸುವ ರೂಢಿಯಿತ್ತು. ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಸುಣ್ಣಕಲ್ಲಿನ ರೂಪಕ್ಕೆ ಮರಳುತ್ತದೆ. ಆದ್ದರಿಂದ ಇದು ಗಟ್ಟಿಯಾಗುವುದು ನಿಧಾನ. ಹಂಪಿಯ ಕಮಲ ಮಹಲಿನ ಅಲಂಕಾರಗಳು ಸುಣ್ಣದ ಗಾರೆಯ ಕೆಲಸಕ್ಕೆ ಉತ್ತಮ ನಿದರ್ಶನ.

ಸಿಮೆಂಟ್ ಗಿಲಾವು: ೧೮೨೪ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದನು. ಇಂದು ಹೊರಗೋಡೆಗಳಿಗೆ ಒಂದು ಪಾಲು ಸಿಮೆಂಟಿಗೆ ನಾಲ್ಕರಿಂದ ಆರು ಪಾಲು ಮರಳಿನ ಮಿಶ್ರಣ ಸಾಮಾನ್ಯ. ಇದು ಬೇಗ ಗಟ್ಟಿಯಾಗುತ್ತದೆ. ಆದರೆ ಸುಣ್ಣಕ್ಕಿಂತ ಬಿರುಸು. ಸ್ವಲ್ಪ ಸುಣ್ಣ ಬೆರೆಸಿದರೆ ಗಾರೆ ಮೆದುವಾಗಿ, ಬಳಿಯಲು ಸುಲಭವಾಗುತ್ತದೆ.

ರಾಳದ ಲೇಪಗಳು: ಅಕ್ರಿಲಿಕ್ ಮೊದಲಾದ ರಾಳಗಳಿಂದ ತಯಾರಾದ ಇವು ಸಿದ್ಧರೂಪದಲ್ಲಿ ದೊರೆಯುತ್ತವೆ. ಸಾಮಾನ್ಯವಾಗಿ ಸಿಮೆಂಟ್ ಗಿಲಾವಿನ ಮೇಲೆ ತೆಳುವಾಗಿ ಬಳಿಯಲಾಗುತ್ತದೆ.

ಮೇಲ್ಮೈಯ ವಿಧಗಳು

ನಯ ಮೇಲ್ಮೈ: ಗಾರೆಯನ್ನು ಮಟ್ಟಮಾಡಿ ಮರದ ಹಲಗೆಯಿಂದ ಉಜ್ಜಿದ ಮೇಲ್ಮೈ. ಕಬ್ಬಿಣದ ಕರಣೆಯಿಂದ ಅತಿಯಾಗಿ ತೀಡಿದರೆ ಸಿಮೆಂಟಿನ ಅಂಶ ಮೇಲಕ್ಕೆ ಬಂದು ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ.

ಕೆರೆದ ಮೇಲ್ಮೈ: ಗಾರೆ ಅರೆಬರೆ ಗಟ್ಟಿಯಾದಾಗ ತಗಡಿನ ಅಂಚಿನಿಂದ ಮೇಲ್ಪೊರೆಯನ್ನು ಕೆರೆದು ತೆಗೆಯಲಾಗುತ್ತದೆ. ಸಿಮೆಂಟ್ ಹೆಚ್ಚಿರುವ ಪೊರೆ ಹೋಗುವುದರಿಂದ ಸಣ್ಣ ಬಿರುಕುಗಳು ಕಡಿಮೆ.

ಒರಟು ಎರಚು: ಸಣ್ಣ ಜಲ್ಲಿಯನ್ನು ಗಾರೆಯಲ್ಲೇ ಕಲಸಿ, ಹಸಿಯಾಗಿರುವಾಗ ಗೋಡೆಗೆ ಎರಚುವ ವಿಧಾನ. ಸ್ಕಾಟ್ಲೆಂಡಿನಲ್ಲಿ ಇದಕ್ಕೆ ಹಾರ್ಲಿಂಗ್ ಎಂಬ ಹೆಸರಿದೆ.

ಹರಳು ಎರಚು: ಇಲ್ಲಿ ಗಾರೆಯನ್ನು ಮೊದಲು ಬಳಿದು, ಅದು ಹಸಿಯಾಗಿರುವಾಗಲೇ ಒಣ ಹರಳುಕಲ್ಲುಗಳನ್ನು ಎರಚಿ ಒತ್ತುತ್ತಾರೆ. ಕಲ್ಲಿನ ಬಣ್ಣವೇ ಗೋಡೆಯ ಬಣ್ಣವಾಗುವುದರಿಂದ ಮತ್ತೆ ಬಣ್ಣ ಬಳಿಯಬೇಕಾಗಿಲ್ಲ.

ಟೈರೋಲಿಯನ್: ಕೈಯಿಂದ ತಿರುಗಿಸುವ ಸಣ್ಣ ಯಂತ್ರದಿಂದ ಗಾರೆಯನ್ನು ಹನಿಹನಿಯಾಗಿ ಸಿಡಿಸಿದಾಗ ಜೇನುಗೂಡನ್ನು ಹೋಲುವ ಮೇಲ್ಮೈ ದೊರೆಯುತ್ತದೆ. ಆಲ್ಪ್ಸ್ ಪರ್ವತಸೀಮೆಯ ಟೈರೋಲ್ ಪ್ರದೇಶದಿಂದ ಈ ಹೆಸರು ಬಂದಿದೆ.

ಒರಟು ಮೇಲ್ಮೈಗಳು ಮಳೆನೀರನ್ನು ಚದುರಿಸುತ್ತವೆ ಮತ್ತು ಸಣ್ಣ ಬಿರುಕುಗಳನ್ನು ಮರೆಮಾಡುತ್ತವೆ. ಆದರೆ ಅವುಗಳಲ್ಲಿ ಧೂಳು ಕೂರುತ್ತದೆ; ಹೆಚ್ಚು ಮಳೆ ಬೀಳುವೆಡೆ ಪಾಚಿ ಬೆಳೆಯುತ್ತದೆ.

ಗೋಡೆಗೆ ತಕ್ಕ ಗಿಲಾವು

ಗಿಲಾವು ತಾನು ಹೊದಿಸುವ ಗೋಡೆಗಿಂತ ಗಟ್ಟಿಯಾಗಿರಬಾರದು. ಮೇಲಿನ ಪದರ ಕೆಳಗಿನ ಪದರಕ್ಕಿಂತ ಗಟ್ಟಿಯಾಗಿರಬಾರದು ಎಂಬುದು ಈ ಕೆಲಸದ ಮೂಲ ನಿಯಮ. ಗಟ್ಟಿ ಲೇಪವು ಒಣಗುವಾಗ ಬಲವಾಗಿ ಕುಗ್ಗಿ, ಮೆದುವಾದ ಗೋಡೆಯಿಂದ ಕಳಚಿಕೊಳ್ಳುತ್ತದೆ.

ಹಳೆಯ ಮನೆಗಳ ದುರಸ್ತಿಯಲ್ಲಿ ಈ ನಿಯಮವನ್ನು ಮೀರುವುದು ಹೆಚ್ಚು. ಮಣ್ಣಿನ ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗಳು ನೆಲದಿಂದಲೂ ಮಳೆಯಿಂದಲೂ ತೇವವನ್ನು ಹೀರಿ, ಬಿಸಿಲಿನಲ್ಲಿ ಹೊರಬಿಡುತ್ತವೆ. ಅವುಗಳಿಗೆ ಸಿಮೆಂಟ್ ಬಳಿದರೆ ತೇವ ಹೊರಬರಲಾರದೆ ಒಳಗೇ ಉಳಿಯುತ್ತದೆ. ಸಣ್ಣ ಬಿರುಕುಗಳಿಂದ ಇಳಿದ ನೀರೂ ಅದರೊಡನೆ ಸೇರುತ್ತದೆ. ಹೊರನೋಟಕ್ಕೆ ಭದ್ರವಾಗಿ ಕಂಡರೂ ಒಳಗಿನ ಮಣ್ಣು ಮೆತ್ತಗಾಗಿ, ಗೋಡೆ ಕುಸಿಯುವ ಅಪಾಯವೂ ಇದೆ. ಇಂಥ ಗೋಡೆಗಳಿಗೆ ಮಣ್ಣಿನ ಅಥವಾ ಸುಣ್ಣದ ಗಿಲಾವೇ ಸೂಕ್ತ.

ಕೆಲಸದ ಕ್ರಮ ಮತ್ತು ದೋಷಗಳು

ಗೋಡೆಯ ಸಂದುಗಳನ್ನು ಕೆರೆದು, ಧೂಳು ತೆಗೆದು, ನೀರು ಚಿಮುಕಿಸಿದ ಬಳಿಕ ಗಾರೆ ಬಳಿಯಬೇಕು. ಸಿಮೆಂಟ್ ಗಿಲಾವನ್ನು ಸಾಮಾನ್ಯವಾಗಿ ಎರಡು ಪದರಗಳಲ್ಲಿ, ಒಟ್ಟು ಸುಮಾರು ೨೦ ಮಿಲಿಮೀಟರ್ ದಪ್ಪಕ್ಕೆ ಬಳಿದು, ಕನಿಷ್ಠ ೭ ದಿನ ತೇವವಾಗಿ ಇರಿಸಲಾಗುತ್ತದೆ. ಕಾಂಕ್ರೀಟ್ ಮತ್ತು ಇಟ್ಟಿಗೆ ಕೂಡುವೆಡೆ ತಂತಿಯ ಜಾಲರಿ ಹೊಡೆದರೆ ಬಿರುಕು ಕಡಿಮೆಯಾಗುತ್ತದೆ.

ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಿಲಾವು ಗೋಡೆಯನ್ನು ಬಿಟ್ಟಿದೆ ಎಂದರ್ಥ. ಬಿಳಿಯ ಉಪ್ಪು ಕಾಣಿಸಿಕೊಂಡರೆ ಅದು ತೇವದ ಸಂಚಾರದ ಗುರುತು. ತೇವದ ಮೂಲವನ್ನು ಸರಿಪಡಿಸದೆ ಮೇಲೆ ಮತ್ತೊಂದು ಲೇಪ ಬಳಿದರೆ ದೋಷ ಮರುಕಳಿಸುತ್ತದೆ.