ಹೊರಮಾವಿನ ಸರ್ಕಾರಿ ಶಾಲೆಗಳ ಮೇಲ್ವಿಚಾರಣೆ: ಗಡಿ, ಹುದ್ದೆ ಮತ್ತು ದಾಖಲೆ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಶಾಲೆಯೊಂದು ಸುಧಾರಿಸಿದಾಗ ಅದರಲ್ಲಿ ಮುಖ್ಯ ಶಿಕ್ಷಕರ ಪಾಲೆಷ್ಟು, ಜಿಲ್ಲಾ ಹಂತದ ಅಧಿಕಾರಿಗಳ ಪಾಲೆಷ್ಟು ಎಂಬ ಪ್ರಶ್ನೆ ಶಿಕ್ಷಣ ಆಡಳಿತದ ಅಧ್ಯಯನಗಳಲ್ಲಿ ಹಳೆಯದು. ಈ ಟಿಪ್ಪಣಿ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹೊರಮಾವಿನಂಥ ಒಂದು ಪ್ರದೇಶದ ಬಗ್ಗೆ ಅದನ್ನು ಕೇಳುವ ಮುನ್ನ ಇತ್ಯರ್ಥವಾಗಬೇಕಾದ ಎರಡು ಸಂಗತಿಗಳಿವೆ: ‘ಜಿಲ್ಲೆ’ ಯಾವುದು, ‘ಮುಖ್ಯಸ್ಥ’ ಯಾರು. ಚರ್ಚೆ ಇವಿಷ್ಟಕ್ಕೇ ಸೀಮಿತ.

2. ಗಡಿಗಳು

2.1. ಕಂದಾಯ ದಾಖಲೆಗಳ ಪ್ರಕಾರ ಹೊರಮಾವು ಮತ್ತು ಹೊರಮಾವು ಅಗರ ಎರಡು ಬೇರೆ ಗ್ರಾಮಗಳು. ಎರಡೂ ಬೆಂಗಳೂರು ಪೂರ್ವ ತಾಲ್ಲೂಕಿನ ಕೃಷ್ಣರಾಜಪುರ ಹೋಬಳಿಗೆ ಸೇರುತ್ತವೆ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ 198 ವಾರ್ಡುಗಳಿದ್ದ ಕಾಲದಲ್ಲಿ ಹೊರಮಾವು 25ನೆಯ ವಾರ್ಡು. 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳು ರಚನೆಯಾದಾಗ ಕೆ.ಆರ್.ಪುರ ಮತ್ತು ಮಹದೇವಪುರದ ಭಾಗ ಪೂರ್ವ ನಗರ ಪಾಲಿಕೆಯಾಯಿತು. ಇಷ್ಟರಮಟ್ಟಿಗೆ ಕಂದಾಯದ ಹೆಸರೂ ಪಾಲಿಕೆಯ ಹೆಸರೂ ಹೊಂದುತ್ತವೆ.

2.2. ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ವಿಭಜನೆ ಹೀಗಿಲ್ಲ. ಅಲ್ಲಿ ಬೆಂಗಳೂರು ನಗರ ಕಂದಾಯ ಜಿಲ್ಲೆಯು ಬೆಂಗಳೂರು ಉತ್ತರ ಮತ್ತು ಬೆಂಗಳೂರು ದಕ್ಷಿಣ ಎಂಬ ಎರಡು ಶೈಕ್ಷಣಿಕ ಜಿಲ್ಲೆಗಳಾಗಿದೆ. ಆನೇಕಲ್ ಒಂದನ್ನುಳಿದು ಇವುಗಳ ವಲಯಗಳಿಗೆ ಊರಿನ ಹೆಸರಿಲ್ಲ. ಉತ್ತರ-1, ದಕ್ಷಿಣ-1 ಎಂಬಂತೆ ಸಂಖ್ಯೆಗಳಿವೆ. ಪೂರ್ವ ಎಂಬ ಹೆಸರಿನ ವಲಯವೇ ಇಲ್ಲ. ರಾಜ್ಯದಲ್ಲಿ 31 ಕಂದಾಯ ಜಿಲ್ಲೆಗಳಿಗೆ ಪ್ರತಿಯಾಗಿ 35 ಶೈಕ್ಷಣಿಕ ಜಿಲ್ಲೆಗಳಿರುವುದಕ್ಕೆ ಬೆಂಗಳೂರಿನ ಈ ವಿಭಜನೆಯ ಜೊತೆಗೆ ಮಧುಗಿರಿ, ಶಿರಸಿ, ಚಿಕ್ಕೋಡಿಗಳು ಕಾರಣ.

2.3. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣವಾದ ಮೇಲೆ ತೊಡಕು ಹೆಚ್ಚಿದೆ. ಈಗ ಆ ಹೆಸರಿನಲ್ಲಿ ಒಂದು ಕಂದಾಯ ಜಿಲ್ಲೆ, ಒಂದು ಶೈಕ್ಷಣಿಕ ಜಿಲ್ಲೆ, ಒಂದು ತಾಲ್ಲೂಕು, ಒಂದು ನಗರ ಪಾಲಿಕೆ, ಒಂದು ಲೋಕಸಭಾ ಕ್ಷೇತ್ರ ಇವೆ, ಮತ್ತು ಇವುಗಳ ಗಡಿಗಳು ಬೇರೆ ಬೇರೆ. 2025ಕ್ಕೆ ಹಿಂದಿನ ಮತ್ತು ಮುಂದಿನ ಕೋಷ್ಟಕಗಳನ್ನು ಹೆಸರಿನ ಆಧಾರದಲ್ಲಿ ಜೋಡಿಸುವ ಯಾವ ಲೆಕ್ಕವನ್ನೂ ಮರುಪರಿಶೀಲನೆಯಿಲ್ಲದೆ ಒಪ್ಪಲಾಗದು.

2.4. ಹಳೆಯ ಮೈಸೂರಿನ ವ್ಯವಸ್ಥೆ ಈ ವಿಷಯದಲ್ಲಿ ಸರಳವಾಗಿತ್ತು. ಅಲ್ಲಿನ ಶಿಕ್ಷಣಾಧಿಕಾರಿ ಬಿ.ಎಲ್. ರೈಸ್ 1868ರಲ್ಲಿ ಮುಂದಿಟ್ಟ ಹೋಬಳಿ ಶಾಲೆಗಳ ಯೋಜನೆಯಲ್ಲಿ ಕಂದಾಯದ ಘಟಕವೇ ಶಾಲೆಯ ಘಟಕವೂ ಆಗಿತ್ತು. ಮೇಲ್ವಿಚಾರಣೆ ಆಗ ಉತ್ತಮವಾಗಿತ್ತು ಎಂದು ಇದರಿಂದ ಸಾಧಿಸಲಾಗದು; ದಾಖಲೆಗಳನ್ನು ಹೊಂದಿಸುವುದು ಸುಲಭವಿತ್ತು, ಅಷ್ಟೆ.

3. ‘ಜಿಲ್ಲಾ ನಾಯಕತ್ವ’ದ ಅಂಗಗಳು

3.1. ಅಮೆರಿಕದ ಅಧ್ಯಯನಗಳಲ್ಲಿ ಬರುವ ಶಾಲಾ ಜಿಲ್ಲೆಗೆ ಸಾಮಾನ್ಯವಾಗಿ ತನ್ನದೇ ಆಡಳಿತ ಮಂಡಳಿ, ತನ್ನದೇ ಆಯವ್ಯಯ, ಪ್ರಾಂಶುಪಾಲರನ್ನು ನೇಮಿಸುವ ಅಧಿಕಾರ ಇರುತ್ತವೆ. ಇಲ್ಲಿ ಶೈಕ್ಷಣಿಕ ಜಿಲ್ಲೆಯ ಮುಖ್ಯಸ್ಥರಾದ ಉಪನಿರ್ದೇಶಕರ ಸ್ಥಿತಿ ಬೇರೆ. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಅವರು ನೇಮಕಾತಿ ಪ್ರಾಧಿಕಾರ, ನಿಜ. ಆದರೆ ಹುದ್ದೆ ಮಂಜೂರು ಮಾಡುವುದು ಸರ್ಕಾರ, ವರ್ಗಾವಣೆ ನಡೆಯುವುದು 2020ರ ಶಿಕ್ಷಕರ ವರ್ಗಾವಣೆ ನಿಯಂತ್ರಣ ಕಾಯ್ದೆಯಡಿ ಕೌನ್ಸೆಲಿಂಗ್ ಮೂಲಕ. ತಮಗೆ ಬೇಕಾದ ಮುಖ್ಯ ಶಿಕ್ಷಕರನ್ನು ಆರಿಸಿ ಒಂದು ಶಾಲೆಗೆ ಕೂರಿಸುವ ಅವಕಾಶ ಬಹಳ ಕಡಿಮೆ. ಮೇಲಾಗಿ ಉಪನಿರ್ದೇಶಕರೂ ಒಬ್ಬರಲ್ಲ. ಆಡಳಿತಕ್ಕೆ ಒಬ್ಬರಿದ್ದರೆ, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯ ಪ್ರಾಂಶುಪಾಲರು ಪದನಿಮಿತ್ತ ಅಭಿವೃದ್ಧಿಯ ಉಪನಿರ್ದೇಶಕರು. ಬೋಧನೆಯ ಗುಣಮಟ್ಟ ಒಂದು ಕಚೇರಿಯ ಹೊಣೆ, ಶಿಸ್ತು ಮತ್ತು ಸೇವಾ ವಿಷಯ ಇನ್ನೊಂದರದು.

3.2. ಈ ಇಬ್ಭಾಗ ಕೆಳಗೂ ಮುಂದುವರಿಯುತ್ತದೆ. ಕ್ಷೇತ್ರ ಶಿಕ್ಷಣಾಧಿಕಾರಿ ಮತ್ತು ಶಿಕ್ಷಣ ಸಂಯೋಜಕರದು ಆಡಳಿತದ ಸಾಲು. ಕ್ಷೇತ್ರ ಸಮನ್ವಯಾಧಿಕಾರಿ, ಬ್ಲಾಕ್ ಸಂಪನ್ಮೂಲ ವ್ಯಕ್ತಿ (ಬಿಆರ್‌ಪಿ) ಮತ್ತು ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇವರದು ಶೈಕ್ಷಣಿಕ ಬೆಂಬಲದ ಸಾಲು. ಶಾಲೆಗೆ ಅತಿ ಹತ್ತಿರದವರು ಸಿಆರ್‌ಪಿ. ಸರ್ವ ಶಿಕ್ಷಣ ಅಭಿಯಾನದ ಪರಿಷ್ಕೃತ ಮಾನದಂಡದಂತೆ 18 ಶಾಲೆಗಳವರೆಗೆ ಒಂದು ಸಮೂಹ ಕೇಂದ್ರ. 2018ರಿಂದ ಇದು ಸಮಗ್ರ ಶಿಕ್ಷಣದ ಭಾಗ. ಸಿಆರ್‌ಪಿ ಸ್ವತಃ ಶಿಕ್ಷಕರು, ಪರೀಕ್ಷೆಯ ಮೂಲಕ ಆಯ್ಕೆಯಾಗಿ ನಿಗದಿತ ಅವಧಿಗೆ ಬಂದವರು. ಸೇವೆಯಲ್ಲಿ ತಮಗಿಂತ ಹಿರಿಯರಾದ ಮುಖ್ಯ ಶಿಕ್ಷಕರಿಗೆ ಸಲಹೆ ಕೊಡುವ ಹೊಣೆ ಅವರ ಮೇಲಿದೆ, ಆದೇಶಿಸುವ ಅಧಿಕಾರವಿಲ್ಲ. ಇದು ದೋಷವೋ ಗುಣವೋ ಎಂಬ ಬಗ್ಗೆ ಎರಡು ಅಭಿಪ್ರಾಯ ಸಾಧ್ಯ. ಸಮೂಹದ ಸಮಾಲೋಚನಾ ಸಭೆಗಳಲ್ಲಿ ಅಧಿಕಾರವಿಲ್ಲದಿರುವುದೇ ಮುಕ್ತ ಮಾತಿಗೆ ಅನುಕೂಲವಾಗಬಹುದು.

3.3. ನಗರದ ಕ್ಷೇತ್ರ ಶಿಕ್ಷಣಾಧಿಕಾರಿಗೆ ಇನ್ನೊಂದು ಭಾರವಿದೆ: ಖಾಸಗಿ ಶಾಲೆಗಳ ಮಾನ್ಯತೆ ನವೀಕರಣ, ದೂರು, ಶುಲ್ಕದ ತಕರಾರು. ಖಾಸಗಿ ಶಾಲೆಗಳು ದಟ್ಟವಾಗಿರುವ ಪೂರ್ವ ಬೆಂಗಳೂರಿನಲ್ಲಿ ಸರ್ಕಾರಿ ಶಾಲೆಗೆ ಉಳಿಯುವ ಸಮಯ, ಕಡತಗಳ ಸ್ವರೂಪದಿಂದ ಊಹಿಸುವುದಾದರೆ, ಗ್ರಾಮೀಣ ವಲಯಕ್ಕಿಂತ ಕಡಿಮೆಯಿರಬೇಕು. ಪಾಲಿಕೆ ನಡೆಸುವ ಶಾಲೆಗಳ ಸಿಬ್ಬಂದಿ ವ್ಯವಸ್ಥೆ ಪ್ರತ್ಯೇಕ. ಅದು ಇಲ್ಲಿನ ಚರ್ಚೆಯಿಂದ ಹೊರಗೆ.

4. ಮುಖ್ಯ ಶಿಕ್ಷಕರ ಹುದ್ದೆ

4.1. 2009ರ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದರ ಅನುಸೂಚಿಯಲ್ಲಿ 1ರಿಂದ 5ನೆಯ ತರಗತಿವರೆಗೆ 121ರಿಂದ 200 ಮಕ್ಕಳಿಗೆ ಐವರು ಶಿಕ್ಷಕರು ಎಂದು ಒಂದು ಸಾಲು; 150 ಮೀರಿದರೆ ಐವರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕ ಎಂದು ಮುಂದಿನ ಸಾಲು. 151ರಿಂದ 200ರವರೆಗಿನ ಶಾಲೆ ಎರಡೂ ಸಾಲುಗಳಿಗೆ ಸೇರುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ ವಿರೋಧವಿಲ್ಲ. ಮೊದಲ ಸಾಲನ್ನು ಮಾತ್ರ ಉದ್ಧರಿಸಿದರೆ ಮುಖ್ಯ ಶಿಕ್ಷಕರ ಹುದ್ದೆ ಮಾಯವಾಗುತ್ತದೆ. 6ರಿಂದ 8ನೆಯ ತರಗತಿಗೆ ಮಿತಿ 100. ಅದನ್ನು ಮೀರಿದರೆ ಪೂರ್ಣಾವಧಿ ಮುಖ್ಯ ಶಿಕ್ಷಕ.

4.2. ಕರ್ನಾಟಕದ ರೂಢಿಯ ಹಿರಿಯ ಪ್ರಾಥಮಿಕ ಶಾಲೆ 1ರಿಂದ 7ನೆಯ ತರಗತಿಯದು. ಕೆಲವಕ್ಕೆ ಮಾತ್ರ 8 ಸೇರಿದೆ. ಕೇಂದ್ರದ ವಿಂಗಡಣೆ 5 ಮತ್ತು 8ಕ್ಕೆ ಮುರಿಯುತ್ತದೆ, ರಾಜ್ಯದ್ದು 7ಕ್ಕೆ. ಹೀಗಾಗಿ ಒಂದೇ ಶಾಲೆಯ ದಾಖಲಾತಿಯನ್ನು ಎರಡು ಮಾನದಂಡಗಳಿಗೆ ಹಂಚಿ ಅಳೆಯಬೇಕಾಗುತ್ತದೆ. ಇದು ಬರಿಯ ಲೆಕ್ಕಪತ್ರದ ಕಿರಿಕಿರಿಯಲ್ಲ. ಮಿತಿಗಿಂತ ಕೆಳಗಿರುವ ಶಾಲೆಗಳಲ್ಲಿ ಹಿರಿಯ ಶಿಕ್ಷಕರೊಬ್ಬರು ಪ್ರಭಾರ ವಹಿಸುತ್ತಾರೆ. ತಮ್ಮ ತರಗತಿಗಳ ಜೊತೆಗೆ ವಿದ್ಯಾರ್ಥಿ ಸಾಧನೆ ಟ್ರ್ಯಾಕಿಂಗ್ ವ್ಯವಸ್ಥೆಯ (ಎಸ್‌ಎಟಿಎಸ್) ನಮೂದು, ಹಾಲು ವಿತರಣೆಯ ಕ್ಷೀರಭಾಗ್ಯ ಯೋಜನೆಯ ಲೆಕ್ಕ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಸಭೆಯ ನಡಾವಳಿ ಅವರ ಪಾಲಿನವು. ‘ಪ್ರಾಂಶುಪಾಲರ ನಾಯಕತ್ವ’ ಎಂಬ ಚರವನ್ನು ಇವರಿಗೆ ಅನ್ವಯಿಸುವಾಗ ಎಚ್ಚರ ಬೇಕು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪ್ರೌಢಶಾಲಾ ವಿಭಾಗಕ್ಕೆ ಉಪಪ್ರಾಂಶುಪಾಲರು ಇರುವುದರಿಂದ ಅಲ್ಲಿನ ಸ್ಥಿತಿ ಮತ್ತೆ ಬೇರೆ.

4.3. ಕಾಯ್ದೆಯ 27ನೆಯ ಪ್ರಕರಣ ಶಿಕ್ಷಕರನ್ನು ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಹೊರತು ಅನ್ಯ ಕೆಲಸಕ್ಕೆ ನಿಯೋಜಿಸಬಾರದೆನ್ನುತ್ತದೆ. 2025ರ ಸೆಪ್ಟೆಂಬರ್ 22ರಂದು ಆರಂಭವಾದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗೆ ಶಿಕ್ಷಕರೇ ಗಣತಿದಾರರಾದರು. ಅದಕ್ಕಾಗಿ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಆ ವರ್ಷದ ಕಲಿಕಾ ಅಂಕಿಗಳನ್ನು ಹಿಂದಿನ ವರ್ಷದೊಂದಿಗೆ ಹೋಲಿಸುವವರು ಇದನ್ನು ಗಣನೆಗೆ ತೆಗೆದುಕೊಳ್ಳುವುದು ಯುಕ್ತ.

5. ಎಸ್‌ಡಿಎಂಸಿಯ ಕಾಲನಿರ್ಣಯ

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಆರಂಭವನ್ನು ಬರಹಗಳು ಮೂರು ಬಗೆಯಲ್ಲಿ ಗುರುತಿಸುತ್ತವೆ: 2001, 2006, 2010. ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಬೆನ್ನಿಗೆ ಹೊರಟ ಸರ್ಕಾರಿ ಆದೇಶದ ದಿನಾಂಕ 28-04-2001. ಮಾದರಿ ಉಪವಿಧಿಗಳು 2006ರವು. 2010 ಕೇವಲ ಕೇಂದ್ರ ಕಾಯ್ದೆಯ 21ನೆಯ ಪ್ರಕರಣ ಜಾರಿಯಾದ ವರ್ಷ. ಮೊದಲನೆಯದನ್ನೇ ಸ್ವೀಕರಿಸುವುದು ಸರಿಯೆನಿಸುತ್ತದೆ. ಮುಖ್ಯ ಶಿಕ್ಷಕರು ಈ ಸಮಿತಿಯ ಸದಸ್ಯ ಕಾರ್ಯದರ್ಶಿ. ಅಂದರೆ ಶಾಲಾ ಅಭಿವೃದ್ಧಿ ಯೋಜನೆ ಬರೆಯುವವರೂ ಬಹುಮಟ್ಟಿಗೆ ಅವರೇ.

6. ಹೊರಗಿನ ಸಾಕ್ಷ್ಯ

6.1. ಲೀತ್‌ವುಡ್ ಮತ್ತು ಸಂಗಡಿಗರ 2004ರ ಸಮೀಕ್ಷೆ, ಕಲಿಕೆಯ ಮೇಲೆ ಪ್ರಭಾವ ಬೀರುವ ಶಾಲಾ ಅಂಶಗಳಲ್ಲಿ ನಾಯಕತ್ವಕ್ಕೆ ತರಗತಿ ಬೋಧನೆಯ ನಂತರದ ಸ್ಥಾನ ಕೊಟ್ಟಿತು. ಅದೇ ಯೋಜನೆಯ 2010ರ ವರದಿ ಪ್ರಾಂಶುಪಾಲರು ಮೂರು-ನಾಲ್ಕು ವರ್ಷಕ್ಕೊಮ್ಮೆ ಬದಲಾಗುವುದನ್ನೂ, ಅದರ ಪ್ರತಿಕೂಲ ಪರಿಣಾಮವನ್ನೂ ಗುರುತಿಸಿದೆ. 3.1ರಲ್ಲಿ ಹೇಳಿದ ಕಾರಣಕ್ಕೆ ಮೊದಲನೆಯ ತೀರ್ಮಾನವನ್ನು ಹೊರಮಾವಿಗೆ ನೇರವಾಗಿ ತರಲಾಗದು. ಎರಡನೆಯದು ಪರೀಕ್ಷೆಗೆ ಯೋಗ್ಯ.

6.2. ನಮಗೆ ಹೆಚ್ಚು ಹತ್ತಿರದ್ದು ಕಾರ್ತಿಕ್ ಮುರಳೀಧರನ್ ಮತ್ತು ಅಭಿಜಿತ್ ಸಿಂಗ್ 2020ರಲ್ಲಿ ಪ್ರಕಟಿಸಿದ ಮಧ್ಯಪ್ರದೇಶದ ಪ್ರಯೋಗ. ಅಲ್ಲಿ ಶಾಲೆಗಳ ಮೌಲ್ಯಮಾಪನ ನಡೆಯಿತು, ಸುಧಾರಣಾ ಯೋಜನೆಗಳು ಸಿದ್ಧವಾದವು. ಆದರೆ ಶಾಲೆಯ ನಡೆವಳಿಕೆಯಲ್ಲಾಗಲಿ ಕಲಿಕೆಯಲ್ಲಾಗಲಿ ಗುರುತಿಸಬಹುದಾದ ಬದಲಾವಣೆ ಕಾಣಲಿಲ್ಲ. 2015ರ ನವೆಂಬರ್‌ನಲ್ಲಿ ಆರಂಭವಾದ, ಏಳು ಕ್ಷೇತ್ರಗಳ ಸ್ವಮೌಲ್ಯಮಾಪನದ ರಾಷ್ಟ್ರೀಯ ಕಾರ್ಯಕ್ರಮವಾದ ಶಾಲಾ ಸಿದ್ಧಿಯೂ ಇದೇ ಬಗೆಯದು. ಎರಡನ್ನೂ ಒಂದೆಂದು ಭಾವಿಸಬಾರದು. ಆದರೂ ಯೋಜನಾ ಪತ್ರ ಭರ್ತಿಯಾಗಿದೆ ಎಂಬುದನ್ನೇ ಮೇಲ್ವಿಚಾರಣೆ ಫಲಿಸಿತು ಎಂಬುದಕ್ಕೆ ಸಾಕ್ಷಿಯಾಗಿ ಬಳಸುವುದು ಈ ಫಲಿತಾಂಶದ ನಂತರ ಕಷ್ಟ.

7. ತಾತ್ಕಾಲಿಕ ನಿಲುವು

ಪೂರ್ವ ಬೆಂಗಳೂರಿನ ಅಧ್ಯಯನಗಳಿಗೆ ಶೈಕ್ಷಣಿಕ ಜಿಲ್ಲೆ ತೀರಾ ದೊಡ್ಡ ಘಟಕ, ಅದರ ಹೆಸರೂ ನಂಬಲರ್ಹವಲ್ಲ. ಸಮೂಹ ಕೇಂದ್ರವನ್ನು ಘಟಕವಾಗಿಟ್ಟುಕೊಂಡು, ಮುಖ್ಯ ಶಿಕ್ಷಕರು ಕಾಯಂ ಹುದ್ದೆಯವರೇ ಪ್ರಭಾರವೇ ಎಂಬುದನ್ನೂ, ಅವರೂ ಸಿಆರ್‌ಪಿಯೂ ಅಲ್ಲಿದ್ದ ಅವಧಿಯನ್ನೂ ಪ್ರತಿ ಶಾಲೆಗೆ ದಾಖಲಿಸಿಕೊಳ್ಳುವುದು ಮೊದಲ ಕೆಲಸ. ಕಟ್ಟಡ ಕಾರ್ಮಿಕರ ಮಕ್ಕಳು ವರ್ಷದ ನಡುವೆ ಬಂದು ಹೋಗುವ ಪ್ರದೇಶವಾದ್ದರಿಂದ ದಾಖಲಾತಿಗೆ ದಿನಾಂಕ ನಮೂದಿಸುವುದೂ ಅಗತ್ಯ. ಜಿಲ್ಲಾ ಶಿಕ್ಷಣ ಮಾಹಿತಿ ವ್ಯವಸ್ಥೆಯ (ಡೈಸ್) ಹಳೆಯ ಅಂಕಿಗಳು ಸೆಪ್ಟೆಂಬರ್ 30ರ ಸ್ಥಿತಿಯನ್ನು ಹೇಳುತ್ತವೆ, ಎಸ್‌ಎಟಿಎಸ್ ನಮೂದುಗಳು ವರ್ಷವಿಡೀ ಬದಲಾಗುತ್ತವೆ. ಶಾಲೆಯನ್ನು ಹೆಸರಿನಿಂದಲ್ಲದೆ ಯು-ಡೈಸ್ ಸಂಖ್ಯೆಯಿಂದ ಗುರುತಿಸಬೇಕೆಂದು ಸಹಸಂಶೋಧಕರಲ್ಲಿ ವಿನಂತಿ. ಆ ಸಂಖ್ಯೆಯಲ್ಲಿ 11 ಅಂಕಿಗಳಿವೆ: ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29, ಮುಂದಿನ ಎರಡು ಜಿಲ್ಲೆಯದು, ಆಮೇಲಿನ ಎರಡು ವಲಯದ್ದು.