ದೋಣಿ ಇಂಜಿನ್‌ನ ಫ್ಲೈವೀಲ್‌ಗೆ ತುಕ್ಕು: ಉಜ್ಜಿ ಬಣ್ಣ ಬಳಿದರೆ ಸಾಕೇ, ಬದಲಿಸಲೇಬೇಕೇ?

"ಫ್ಲೈವೀಲ್‌ಗೆ ತುಕ್ಕು ಹಿಡಿದಿದೆಯಾ? ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ ಬಣ್ಣ ಹೊಡೆದು ಹಾಕಿ. ಬಿಚ್ಚೋಕೆ ಬರ್ತಿಲ್ವಾ? ಗ್ಯಾಸ್‌ನಲ್ಲಿ ಕಾಯಿಸಿ ಸುತ್ತಿಗೆಯಲ್ಲಿ ಎರಡೇಟು ಕೊಡಿ." ಔಟ್‌ಬೋರ್ಡ್ ಇಂಜಿನ್ ಇಟ್ಟುಕೊಂಡವರಿಗೆ ಇಂಥ ಸಲಹೆಗಳು ಹೊಸತಲ್ಲ. ಮಂಗಳೂರಿನಿಂದ ಕಾರವಾರದವರೆಗೆ ಎಷ್ಟೋ ನಾಡದೋಣಿಗಳು ನಡೆಯುವುದು ಇದೇ ಇಂಜಿನ್‌ಗಳಿಂದ. ರಸ್ತೆಯಲ್ಲಿ ಬೈಕ್ ಕೆಟ್ಟರೆ ತಳ್ಳಿಕೊಂಡು ಹೋಗಬಹುದು, ಸಮುದ್ರದ ನಡುವೆ ಇಂಜಿನ್ ನಿಂತರೆ ಹಾಗಾಗುವುದಿಲ್ಲ. ಹಾಗಾಗಿ ಈ ಸಲಹೆಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ನೋಡೋಣ.

ಚುಟುಕಾಗಿ ಉತ್ತರ

ಹೊರಮೈಯ ತೆಳು ತುಕ್ಕನ್ನು ತೆಗೆದು ಅದೇ ಫ್ಲೈವೀಲ್ ಬಳಸಬಹುದು. ಆದರೆ ನಡುವಿನ ತೂತು, ಕೀ ಕೂರುವ ಕಚ್ಚು, ಒಳಗಿನ ಮ್ಯಾಗ್ನೆಟ್ ಇವುಗಳಲ್ಲಿ ಬಿರುಕು ಅಥವಾ ಸವೆತ ಕಂಡರೆ ಬದಲಿಸಲೇಬೇಕು. ಬಿಚ್ಚಲು ಬೆಂಕಿಯೂ ಬೇಡ, ಸುತ್ತಿಗೆಯೂ ಬೇಡ.

ಫ್ಲೈವೀಲ್ ಮಾಡುವ ಕೆಲಸವೇನು?

ಇಂಜಿನ್‌ನ ಮುಚ್ಚಳ ತೆಗೆದರೆ ಮೇಲ್ಭಾಗದಲ್ಲಿ ಬೋರಲು ಹಾಕಿದ ದಪ್ಪ ತಟ್ಟೆಯಂತೆ ಕಾಣುವುದೇ ಫ್ಲೈವೀಲ್. ಹಲವು ಇಂಜಿನ್‌ಗಳಲ್ಲಿ ಹಗ್ಗ ಎಳೆಯುವ ಸ್ಟಾರ್ಟರ್ ಅದರ ಮೇಲೆಯೇ ಕೂತಿರುತ್ತದೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಇದಕ್ಕೆ 'ಮ್ಯಾಗ್ನೆಟ್' ಎಂಬ ಹೆಸರೂ ಇದೆ. ಇದು ಮೂರು ಕೆಲಸ ಮಾಡುತ್ತದೆ.

ಮೊದಲನೆಯದು, ಪಿಸ್ಟನ್ ಕೊಡುವ ಬಿಟ್ಟುಬಿಟ್ಟು ಬರುವ ಹೊಡೆತಗಳನ್ನು ತನ್ನ ತೂಕದಿಂದ ಸಮ ಮಾಡಿ, ಇಂಜಿನ್ ಒಂದೇ ಸಮನೆ ತಿರುಗುವಂತೆ ನೋಡಿಕೊಳ್ಳುತ್ತದೆ.

ಎರಡನೆಯದು, ವಿದ್ಯುತ್ ಹುಟ್ಟಿಸುತ್ತದೆ. ಫ್ಲೈವೀಲ್‌ನ ಒಳಬದಿಯ ಮ್ಯಾಗ್ನೆಟ್‌ಗಳು ಕಾಯಿಲ್‌ಗಳ ಸುತ್ತ ತಿರುಗಿದಾಗ ಕರೆಂಟ್ ಬರುತ್ತದೆ. ಬ್ಯಾಟರಿ ಇಲ್ಲದ ಇಂಜಿನ್‌ನಲ್ಲಿ ಪ್ಲಗ್‌ಗೆ ಸ್ಪಾರ್ಕ್ ಸಿಗುವುದು ಇದರಿಂದಲೇ.

ಮೂರನೆಯದು, ಸ್ಪಾರ್ಕ್ ಯಾವ ಕ್ಷಣಕ್ಕೆ ಬರಬೇಕು ಎಂಬ ಟೈಮಿಂಗ್ ಕೂಡ ಈ ಮ್ಯಾಗ್ನೆಟ್‌ಗಳು ಇರುವ ಜಾಗವನ್ನೇ ಅವಲಂಬಿಸಿದೆ. ಫ್ಲೈವೀಲ್ ಸ್ವಲ್ಪ ಜರುಗಿದರೂ ಟೈಮಿಂಗ್ ತಪ್ಪುತ್ತದೆ. ಆಗ ಸ್ಟಾರ್ಟ್ ಆಗದಿರುವುದು, ಹಗ್ಗ ಎಳೆದಾಗ ಕೈಗೆ ಹಿಂದಕ್ಕೆ ಒದೆಯುವುದು ಶುರುವಾಗುತ್ತದೆ.

ದಿನಾ ಸಿಹಿನೀರಲ್ಲಿ ತೊಳೆದರೂ ತುಕ್ಕು ಏಕೆ?

ಇಂಜಿನ್‌ಗೆ ಸಿಹಿನೀರು ಹಾಯಿಸುವುದು ಒಳ್ಳೆಯ ಅಭ್ಯಾಸವೇ. ಆದರೆ ಆ ನೀರು ಹೋಗುವುದು ಇಂಜಿನ್ ತಂಪಾಗಿಸುವ ದಾರಿಯಲ್ಲಿ ಮಾತ್ರ, ಮೇಲಿರುವ ಫ್ಲೈವೀಲ್‌ಗೆ ಅದು ಮುಟ್ಟುವುದಿಲ್ಲ. ಇಂಜಿನ್ ಉಸಿರಾಡುವ ಗಾಳಿಯ ಜೊತೆ ಉಪ್ಪಿನ ತೇವ ಮುಚ್ಚಳದೊಳಗೆ ಬರುತ್ತದೆ. ಮುಚ್ಚಳದ ರಬ್ಬರ್ ಹರಿದಿದ್ದರಂತೂ ನೀರೇ ಒಳಗೆ ಬರುತ್ತದೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಂಡು ಕಬ್ಬಿಣ ಬೇಗ ತುಕ್ಕು ಹಿಡಿಯುವಂತೆ ಮಾಡುತ್ತದೆ. ಹೊರಗೆ ಬಣ್ಣವಿದ್ದರೂ ಒಳಬದಿಯಲ್ಲಿ, ಮ್ಯಾಗ್ನೆಟ್ ಅಂಟಿಸಿದ ಸಂದುಗಳಲ್ಲಿ ಅದು ಸದ್ದಿಲ್ಲದೆ ಬೆಳೆಯುತ್ತದೆ.

ಹೇಳಿಕೆ 1: ತುಕ್ಕು ಅಂದಚೆಂದದ ಸಮಸ್ಯೆ ಅಷ್ಟೆ

ಅರ್ಧ ಸತ್ಯ. ಹೊರಮೈಯಲ್ಲಿ ಕೆಂಪು ಪುಡಿಯಂತಿರುವ ತುಕ್ಕು ಅಪಾಯವಲ್ಲ. ಒಳಗಿನ ತುಕ್ಕಿನ ಕಥೆ ಬೇರೆ. ಅದು ಪದರಪದರವಾಗಿ ಉಬ್ಬಿ ಮ್ಯಾಗ್ನೆಟ್ ಅನ್ನು ಸಡಿಲಗೊಳಿಸಬಹುದು. ಎದ್ದ ಚೂರುಗಳು ಮ್ಯಾಗ್ನೆಟ್‌ಗೇ ಅಂಟಿಕೊಂಡು ಕಾಯಿಲ್‌ಗೆ ಉಜ್ಜಬಹುದು.

ಇಲ್ಲಿ ಸ್ವಲ್ಪ ಲೆಕ್ಕ ನೋಡಿ. 20 ಸೆಂಟಿಮೀಟರ್ ಅಗಲದ ಫ್ಲೈವೀಲ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 188 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ನಡುವಿನಿಂದ 9 ಸೆಂಟಿಮೀಟರ್ ದೂರದಲ್ಲಿ 50 ಗ್ರಾಂನ ಮ್ಯಾಗ್ನೆಟ್ ತುಂಡು ಇದ್ದರೆ, ಅದನ್ನು ಹೊರಕ್ಕೆ ಹಾರದಂತೆ ಹಿಡಿದಿಡಲು ಸುಮಾರು 125 ಕಿಲೋ ತೂಕ ಎತ್ತುವಷ್ಟು ಬಲ ಬೇಕು. ಬಿರುಕು ಬಿಟ್ಟ ಲೋಹ, ಬಿಟ್ಟುಹೋದ ಅಂಟು ಎಷ್ಟು ಹೊತ್ತು ತಡೆದೀತು? ಬಣ್ಣ ಬಳಿದರೆ ಬಿರುಕು ಮುಚ್ಚಿಹೋಗುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ.

ಹೇಳಿಕೆ 2: ಕಾಯಿಸಿ ಹೊಡೆದರೆ ಸುಲಭವಾಗಿ ಬರುತ್ತದೆ

ತಪ್ಪು. ಸಾಮಾನ್ಯವಾಗಿ ಬಳಸುವ ಫೆರೈಟ್ ಮ್ಯಾಗ್ನೆಟ್ ಪಿಂಗಾಣಿಯ ಹಾಗೆ, ಏಟಿಗೆ ಚೂರಾಗುತ್ತದೆ. ಶಾಫ್ಟ್‌ನ ತುದಿಗೆ ಹೊಡೆದರೆ ಅದರ ಥ್ರೆಡ್ ಹಾಳಾಗುತ್ತದೆ, ಕೆಳಗಿನ ಬೇರಿಂಗ್‌ಗೂ ಪೆಟ್ಟು. ಬೆಂಕಿ ಹಿಡಿದರೆ ಮ್ಯಾಗ್ನೆಟ್‌ನ ಅಂಟು ಬಿಡುತ್ತದೆ, ಅತಿಯಾಗಿ ಕಾದರೆ ಅದರ ಬಲವೂ ಕುಗ್ಗುತ್ತದೆ. ಪಕ್ಕದಲ್ಲೇ ಪೆಟ್ರೋಲ್, ಸೀಮೆಎಣ್ಣೆ ಇರುವುದನ್ನೂ ಮರೆಯಬೇಡಿ.

ಹೇಳಿಕೆ 3: ಕೀ ಮುರಿದರೆ ಮೊಳೆ ತುಂಡು ಹಾಕಿದರಾಯಿತು

ತಪ್ಪು. ಫ್ಲೈವೀಲ್ ಅನ್ನು ಗಟ್ಟಿಯಾಗಿ ಹಿಡಿದಿಡುವುದು ಅರ್ಧಚಂದ್ರಾಕಾರದ ಆ ಸಣ್ಣ ಕೀ ಅಲ್ಲ. ಶಾಫ್ಟ್‌ನ ತುದಿ ಮೇಲಕ್ಕೆ ಸಪೂರವಾಗುತ್ತ ಹೋಗುತ್ತದೆ, ಇದಕ್ಕೆ ಟೇಪರ್ ಎನ್ನುತ್ತಾರೆ. ನಟ್ ಬಿಗಿದಾಗ ಫ್ಲೈವೀಲ್ ಈ ಟೇಪರ್ ಮೇಲೆ ಬಿರಡೆಯಂತೆ ಕಚ್ಚಿಕೊಳ್ಳುತ್ತದೆ. ಕೀ ಇರುವುದು ಟೈಮಿಂಗ್ ಸರಿಯಾದ ಜಾಗದಲ್ಲಿ ಕೂರಲು. ಕೀ ಮುರಿದಿದೆ ಎಂದರೆ ಟೇಪರ್ ಹಿಡಿತ ತಪ್ಪಿದೆ ಎಂದರ್ಥ. ಕಾರಣ ಹುಡುಕದೆ ಮೊಳೆ ಹಾಕಿದರೆ ಮತ್ತೆ ಮುರಿಯುತ್ತದೆ, ಶಾಫ್ಟ್‌ನ ಕಚ್ಚೂ ಅಗಲವಾಗುತ್ತದೆ. ಆಮೇಲೆ ಬದಲಿಸಬೇಕಾಗುವುದು ಕ್ರ್ಯಾಂಕ್‌ಶಾಫ್ಟ್.

ಹೇಳಿಕೆ 4: ಶಾಫ್ಟ್‌ಗೆ ಕೂತರೆ ಯಾವ ಫ್ಲೈವೀಲ್ ಆದರೂ ನಡೆಯುತ್ತದೆ

ತಪ್ಪು. ಮ್ಯಾಗ್ನೆಟ್‌ಗಳ ಸಂಖ್ಯೆ, ಅವುಗಳ ಜಾಗ, ಕಚ್ಚಿನ ಕೋನ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ಸೆಕೆಂಡ್ ಹ್ಯಾಂಡ್ ತಗೊಂಡರೂ ಪಾರ್ಟ್ ನಂಬರ್ ತಾಳೆ ನೋಡಿಯೇ ತಗೊಳ್ಳಿ.

ಯಾವಾಗ ಬದಲಿಸಬೇಕು?

• ನಡುವಿನ ತೂತು ಅಥವಾ ಕಚ್ಚಿನ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ
• ಮ್ಯಾಗ್ನೆಟ್ ಅಲುಗಾಡಿದರೆ, ಒಡೆದಿದ್ದರೆ, ಜಾಗ ಬಿಟ್ಟಿದ್ದರೆ
• ಟೇಪರ್ ಕೂರುವ ಮೈಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ, ಕಚ್ಚು ಅಗಲವಾಗಿದ್ದರೆ
• ಸೆಲ್ಫ್ ಸ್ಟಾರ್ಟ್ ಇರುವ ಇಂಜಿನ್‌ನಲ್ಲಿ ಅಂಚಿನ ಹಲ್ಲುಗಳು ಸವೆದು ಸ್ಟಾರ್ಟರ್ ಜಾರುತ್ತಿದ್ದರೆ
• ತಿರುಗುವಾಗ ಫ್ಲೈವೀಲ್ ಓಲಾಡಿದರೆ (ಆಗ ಶಾಫ್ಟ್ ಬಾಗಿದೆಯೇ ಎಂದೂ ನೋಡಿಸಿ)

ಸ್ಪಾರ್ಕ್ ಬರುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಫ್ಲೈವೀಲ್ ಬದಲಿಸಬೇಡಿ. ಪ್ಲಗ್, ಕಿಲ್ ಸ್ವಿಚ್, ಕಾಯಿಲ್, ಸಿಡಿಐ ಮೊದಲು ಪರೀಕ್ಷಿಸಿ.

ಬದಲಿಸುವ ಸರಿಯಾದ ಕ್ರಮ

1. ಪ್ಲಗ್ ವಯರ್ ತೆಗೆಯಿರಿ, ಬ್ಯಾಟರಿ ಇದ್ದರೆ ಬಿಡಿಸಿ. ಇಂಜಿನ್ ಅಕಸ್ಮಾತ್ ಸ್ಟಾರ್ಟ್ ಆದರೆ ಬೆರಳು ಹೋಗುತ್ತದೆ.
2. ನಟ್ ಬಿಚ್ಚುವಾಗ ಫ್ಲೈವೀಲ್ ಹಿಡಿಯಲು ಹೋಲ್ಡರ್ ಬಳಸಿ. ಹಲ್ಲಿನ ನಡುವೆ ಸ್ಕ್ರೂಡ್ರೈವರ್ ತುರುಕಬೇಡಿ.
3. ನಟ್ ಪೂರ್ತಿ ತೆಗೆಯದೆ ಶಾಫ್ಟ್‌ನ ತುದಿಯ ಮಟ್ಟಕ್ಕೆ ಇಡಿ. ಥ್ರೆಡ್ ಉಳಿಯುತ್ತದೆ, ಫ್ಲೈವೀಲ್ ಒಮ್ಮೆಲೇ ಎಗರುವುದಿಲ್ಲ.
4. ಮ್ಯಾಗ್ನೆಟ್ ಪುಲ್ಲರ್‌ನ ಬೋಲ್ಟ್‌ಗಳನ್ನು ನಡುಭಾಗದ ಥ್ರೆಡ್ ಇರುವ ತೂತುಗಳಿಗೆ ಹಾಕಿ. ಅಂಚು ಹಿಡಿದು ಎಳೆದರೆ ಫ್ಲೈವೀಲ್ ಸೊಟ್ಟಗಾಗುತ್ತದೆ. ಬರದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಿರಿ, ಪುಲ್ಲರ್ ಅನ್ನು ಸ್ವಲ್ಪಸ್ವಲ್ಪವೇ ಬಿಗಿಯಿರಿ.
5. ಹೊಸ ಕೀ ಹಾಕಿ. ಟೇಪರ್‌ನ ಎರಡೂ ಮೈಗಳನ್ನು ಎಣ್ಣೆ, ಗ್ರೀಸ್ ಉಳಿಯದಂತೆ ಒರೆಸಿ. ಹೊಸ ಫ್ಲೈವೀಲ್‌ನ ಮ್ಯಾಗ್ನೆಟ್‌ಗೆ ವಾಷರ್, ಕಬ್ಬಿಣದ ಪುಡಿ ಅಂಟಿದೆಯೇ ನೋಡಿ.
6. ನಟ್ ಅನ್ನು ಟಾರ್ಕ್ ರೆಂಚ್‌ನಿಂದ, ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿಯಿರಿ. ಸಡಿಲವಾದರೆ ಕೀ ಮುರಿಯುತ್ತದೆ, ಅತಿಯಾದರೆ ಫ್ಲೈವೀಲ್‌ನ ನಡುಭಾಗ ಸೀಳಬಹುದು.
7. ಕೈಯಲ್ಲಿ ನಿಧಾನಕ್ಕೆ ತಿರುಗಿಸಿ, ಎಲ್ಲೂ ಉಜ್ಜುತ್ತಿಲ್ಲ ಎಂದು ಖಚಿತವಾದ ಮೇಲೆ ಸ್ಟಾರ್ಟ್ ಮಾಡಿ.

ಪುಲ್ಲರ್, ಟಾರ್ಕ್ ರೆಂಚ್ ಇಲ್ಲದಿದ್ದರೆ ಈ ಕೆಲಸವನ್ನು ಅವು ಇರುವ ಮೆಕ್ಯಾನಿಕ್‌ಗೆ ಬಿಡುವುದೇ ಲೇಸು.

ಮತ್ತೆ ತುಕ್ಕು ಹಿಡಿಯದಿರಲು

ದಡಕ್ಕೆ ಬಂದ ಮೇಲೆ ಮುಚ್ಚಳ ತೆಗೆದು, ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ತುಕ್ಕು ತಡೆಯುವ ಸ್ಪ್ರೇ ಹೊಡೆಯಿರಿ. ಹರಿದ ರಬ್ಬರ್ ಬದಲಿಸಿ. ಮುಚ್ಚಳ ಇಲ್ಲದೆ ಇಂಜಿನ್ ಓಡಿಸುವ ರೂಢಿ ಇದ್ದರೆ ಬಿಡಿ. ಅದರಿಂದ ಉಪ್ಪುನೀರು ನೇರವಾಗಿ ಬೀಳುವುದಷ್ಟೇ ಅಲ್ಲ, ತಿರುಗುವ ಫ್ಲೈವೀಲ್‌ಗೆ ಬಟ್ಟೆ, ಬಲೆಯ ಹಗ್ಗ, ಕೈ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಕೊನೆಯ ಮಾತು

ಮುಂದಿನ ಸಲ ಯಾರಾದರೂ "ಬಣ್ಣ ಬಳಿದು ಹಾಕಿ" ಎಂದರೆ, ಮೊದಲು ಬಿಚ್ಚಿ ಒಳಗೆ ನೋಡಿ. ದೋಣಿ ಇರುವ ನಿಮ್ಮ ಪರಿಚಿತರಿಗೂ ಇದನ್ನು ತಿಳಿಸಿ.